ಗೆದ್ದ ಅಭ್ಯರ್ಥಿಯನ್ನು ಪಕ್ಷ ಬದಲಿಸಬಹುದೇ?

2016ರ ಮೇ 3ರಂದು ಇಂಡಿಯಾನಾ ರಾಜ್ಯದ ಪ್ರೈಮರಿ ಚುನಾವಣೆಯ ಫಲಿತಾಂಶ ಹೊರಬಿದ್ದ ರಾತ್ರಿಯೇ ಸೆನೆಟರ್ ಟೆಡ್ ಕ್ರೂಜ್ ಕಣದಿಂದ ಹಿಂದೆ ಸರಿದರು. ಮರುದಿನ ಓಹಾಯೋ ಗವರ್ನರ್ ಜಾನ್ ಕೇಸಿಕ್ ಕೂಡ ಹೊರನಡೆದರು. ಹದಿನೇಳು ಪ್ರಮುಖರು ಇಳಿದಿದ್ದ ರಿಪಬ್ಲಿಕನ್ ಪಕ್ಷದ ಸ್ಪರ್ಧೆಯಲ್ಲಿ ಕೊನೆಗೆ ಉಳಿದವರು ಡೊನಾಲ್ಡ್ ಟ್ರಂಪ್ ಒಬ್ಬರೇ. ಅಧಿಕೃತ ಘೋಷಣೆಗೆ ಇನ್ನೂ ಎರಡು ತಿಂಗಳಿಗೂ ಹೆಚ್ಚು ಕಾಲವಿತ್ತು. ಮುಸ್ಲಿಮರು ಅಮೆರಿಕಕ್ಕೆ ಬರುವುದನ್ನೇ ತಡೆಯಬೇಕೆಂದು ಹೇಳಿದ್ದ, ಮೆಕ್ಸಿಕೊ ಮೂಲದ ಮನೆತನದವರೆಂಬ ಕಾರಣಕ್ಕೆ ನ್ಯಾಯಾಧೀಶರೊಬ್ಬರ ನಿಷ್ಪಕ್ಷಪಾತವನ್ನು ಪ್ರಶ್ನಿಸಿದ ಈ ಅಭ್ಯರ್ಥಿಯನ್ನು ಒಪ್ಪಿಕೊಳ್ಳಲಾಗದ ರಿಪಬ್ಲಿಕನ್ನರು ಒಂದು ಪ್ರಶ್ನೆ ಎತ್ತಿದರು: ಇವರನ್ನು ಬದಲಿಸಲು ದಾರಿ ಇದೆಯೇ?

ಈ ಪ್ರಶ್ನೆಯ ಉತ್ತರದಲ್ಲಿ ಅಮೆರಿಕದ ಪಕ್ಷಗಳ ಒಳಗಿನ ಪ್ರಜಾಪ್ರಭುತ್ವ ಎಷ್ಟು ಗಟ್ಟಿ, ಅದರ ಮಿತಿ ಎಲ್ಲಿ ಎಂಬುದೂ ಕಾಣುತ್ತದೆ.

ಟಿಕೆಟ್ ಕೊಡುವವರು ಯಾರು?

ನಮ್ಮಲ್ಲಿ ಚುನಾವಣೆಯ ಟಿಕೆಟ್ ಹೈಕಮಾಂಡ್ ಕೈಯಲ್ಲಿರುತ್ತದೆ. ಬಿ ಫಾರಂ ಯಾರಿಗೆ ಎಂಬುದು ನಾಮಪತ್ರ ಸಲ್ಲಿಕೆಯ ಕೊನೆಯ ಗಳಿಗೆಯಲ್ಲೂ ಬದಲಾಗಬಹುದು. ಅಮೆರಿಕದ ಅಧ್ಯಕ್ಷ ಸ್ಥಾನದ ವಿಷಯದಲ್ಲಿ ಆ ಅಧಿಕಾರ ಇಂದು ಮತದಾರರ ಕೈಯಲ್ಲಿದೆ. ಚುನಾವಣಾ ವರ್ಷದ ಆರಂಭದಿಂದ ಒಂದೊಂದೇ ರಾಜ್ಯದಲ್ಲಿ ಪ್ರೈಮರಿ ಎಂಬ ಪಕ್ಷದೊಳಗಿನ ಚುನಾವಣೆ ಅಥವಾ ಕಾಕಸ್ ಎಂಬ ಮತದಾರರ ಸಭೆ ನಡೆಯುತ್ತದೆ. ಅಲ್ಲಿ ಬಿದ್ದ ಮತಗಳ ಆಧಾರದ ಮೇಲೆ, ಆಯಾ ರಾಜ್ಯದ ನಿಯಮದಂತೆ, ಅಭ್ಯರ್ಥಿಗಳಿಗೆ ಪ್ರತಿನಿಧಿಗಳು ಸಿಗುತ್ತಾರೆ. ಬೇಸಿಗೆಯ ಪಕ್ಷದ ಮಹಾಸಮಾವೇಶದಲ್ಲಿ ಈ ಪ್ರತಿನಿಧಿಗಳು ಮತ ಹಾಕಿ ಅಭ್ಯರ್ಥಿಯನ್ನು ಅಧಿಕೃತವಾಗಿ ಹೆಸರಿಸುತ್ತಾರೆ. ಅಗತ್ಯ ಬಹುಮತ ಮೊದಲೇ ದೊರೆತವರನ್ನು ಸಮಾವೇಶದವರೆಗೆ ಸಂಭಾವ್ಯ ಅಭ್ಯರ್ಥಿ ಎನ್ನುತ್ತಾರೆ. 2016ರಲ್ಲಿ ರಿಪಬ್ಲಿಕನ್ ಪಕ್ಷದ 2,472 ಪ್ರತಿನಿಧಿಗಳಲ್ಲಿ 1,237 ಮಂದಿ ಬೇಕಿತ್ತು. ಟ್ರಂಪ್ ಮೇ ತಿಂಗಳಲ್ಲೇ ಆ ಗಡಿ ದಾಟಿದರು.

ಹಿಂದೆ ಹೀಗಿರಲಿಲ್ಲ. 1924ರಲ್ಲಿ ಡೆಮಾಕ್ರಟಿಕ್ ಸಮಾವೇಶ 103 ಸುತ್ತು ಮತದಾನ ನಡೆಸಿ ಜಾನ್ ಡೇವಿಸ್ ಅವರನ್ನು ಆರಿಸಿತು. 1952ರಲ್ಲಿ ಹೆಚ್ಚಿನ ಪ್ರೈಮರಿಗಳನ್ನು ಗೆದ್ದವರು ಎಸ್ಟಿಸ್ ಕೆಫಾವರ್, ಆದರೆ ಮೂರನೇ ಸುತ್ತಿನಲ್ಲಿ ಟಿಕೆಟ್ ಸಿಕ್ಕಿದ್ದು ಅಡ್ಲೈ ಸ್ಟೀವನ್‌ಸನ್ ಅವರಿಗೆ. 1968ರಲ್ಲಿ ಹ್ಯೂಬರ್ಟ್ ಹಂಫ್ರಿ ಒಂದು ಪ್ರೈಮರಿಯಲ್ಲೂ ಸ್ಪರ್ಧಿಸದೆ ಅಭ್ಯರ್ಥಿಯಾದರು. ವಿಯೆಟ್ನಾಂ ಯುದ್ಧವನ್ನು ವಿರೋಧಿಸುತ್ತಿದ್ದ ಯುವಜನರು ಶಿಕಾಗೋದ ಬೀದಿಗಳಲ್ಲಿ ಪೊಲೀಸರ ಲಾಠಿ ಏಟು ತಿನ್ನುತ್ತಿದ್ದಾಗ, ಒಳಗೆ ಸಮಾವೇಶ ಭವನದಲ್ಲಿ ಈ ಆಯ್ಕೆ ನಡೆಯಿತು. ಆ ಅವಮಾನದ ನಂತರ ಡೆಮಾಕ್ರಟಿಕ್ ಪಕ್ಷ ಜಾರ್ಜ್ ಮೆಕ್‌ಗವರ್ನ್ ಮುಂದಾಳತ್ವದಲ್ಲಿ ಸುಧಾರಣಾ ಆಯೋಗ ರಚಿಸಿತು. 1972ರಿಂದ ಟಿಕೆಟ್ ತೀರ್ಮಾನವಾಗುವ ಜಾಗ ಮತಗಟ್ಟೆಯಾಯಿತು. ರಿಪಬ್ಲಿಕನ್ನರೂ ಅದೇ ದಾರಿ ಹಿಡಿದರು.

ಸಮಾವೇಶದ ಬಾಗಿಲು

ಹಾಗಿದ್ದರೂ ಒಂದು ಬಾಗಿಲು ತೆರೆದೇ ಇದೆ. ಸಮಾವೇಶ ತನ್ನ ನಿಯಮಗಳನ್ನು ತಾನೇ ಬರೆದುಕೊಳ್ಳುತ್ತದೆ. ಪ್ರೈಮರಿಯಲ್ಲಿ ಗೆದ್ದವರಿಗೇ ಮತ ಹಾಕಬೇಕೆಂಬ ಕಟ್ಟು ಕೂಡ ಅಂಥದೊಂದು ನಿಯಮವೇ. ಬಹುಮತವಿದ್ದರೆ ಅದನ್ನು ಸಡಿಲಿಸಬಹುದು. 2016ರ ಜುಲೈನಲ್ಲಿ ವರ್ಜೀನಿಯಾದ ಒಬ್ಬ ಪ್ರತಿನಿಧಿ ತನ್ನ ರಾಜ್ಯದ ಕಾನೂನನ್ನು ಪ್ರಶ್ನಿಸಿ ಫೆಡರಲ್ ನ್ಯಾಯಾಲಯದಲ್ಲಿ ಗೆದ್ದರು. ಪ್ರತಿನಿಧಿಯ ಮತವನ್ನು ಸರ್ಕಾರ ಶಿಕ್ಷೆಯ ಭಯ ತೋರಿಸಿ ಕಟ್ಟಿಹಾಕುವಂತಿಲ್ಲ ಎಂಬುದು ಆ ತೀರ್ಪಿನ ಸಾರ. ಉಳಿದದ್ದು ಪಕ್ಷದ ನಿಯಮ ಮಾತ್ರ.

ಟ್ರಂಪ್ ವಿರೋಧಿಗಳು ನಂಬಿದ್ದು ಇದನ್ನೇ. ಕ್ಲೀವ್‌ಲ್ಯಾಂಡ್ ಸಮಾವೇಶಕ್ಕೆ ಮುನ್ನ 112 ಸದಸ್ಯರ ನಿಯಮ ಸಮಿತಿಯ ಮುಂದೆ ಅವರು ತಿದ್ದುಪಡಿ ಇಟ್ಟರು: ಪ್ರತಿನಿಧಿಗಳು ತಮ್ಮ ಆತ್ಮಸಾಕ್ಷಿಯಂತೆ ಮತ ಹಾಕಲಿ. ಸಮಿತಿಯಲ್ಲಿ ಸೋತರೂ ಕಾಲು ಭಾಗ, ಅಂದರೆ 28 ಸದಸ್ಯರ ಬೆಂಬಲವಿದ್ದರೆ ವಿಷಯವನ್ನು ಇಡೀ ಸಮಾವೇಶದ ಮುಂದೆ ತರಬಹುದಿತ್ತು. ಅಷ್ಟು ಮಂದಿಯೂ ದೊರೆಯಲಿಲ್ಲ. ಜುಲೈ 18ರಂದು ಸಮಾವೇಶದಲ್ಲಿ ನಿಯಮಗಳನ್ನು ಧ್ವನಿಮತಕ್ಕೆ ಹಾಕಿದಾಗ, ರಾಜ್ಯವಾರು ಮತ ಎಣಿಸಿ ಎಂಬ ಕೂಗೆದ್ದಿತು. ಕೆಲವು ರಾಜ್ಯಗಳು ಮನವಿಯಿಂದ ಹಿಂದೆ ಸರಿದಿವೆ, ಬೇಕಾದಷ್ಟು ರಾಜ್ಯಗಳ ಬೆಂಬಲ ಉಳಿದಿಲ್ಲ ಎಂದು ಸಭಾಪತಿ ಪ್ರಕಟಿಸಿದರು. ಕೊಲೊರಾಡೊದ ಪ್ರತಿನಿಧಿಗಳು ಸಿಟ್ಟಿನಿಂದ ಹೊರನಡೆದರು. ಮರುದಿನ ಟ್ರಂಪ್ 1,725 ಮತಗಳೊಂದಿಗೆ ಅಭ್ಯರ್ಥಿಯಾದರು.

ಅದಕ್ಕೂ 36 ವರ್ಷ ಮೊದಲು ಡೆಮಾಕ್ರಟಿಕ್ ಪಕ್ಷವೂ ಇದೇ ಹಾದಿಯಲ್ಲಿ ನಡೆದು ನೋಡಿತ್ತು. 1980ರಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಅವರ ಜನಪ್ರಿಯತೆ ಕುಸಿದಿತ್ತು. ಪ್ರತಿನಿಧಿಗಳ ಕಟ್ಟು ಬಿಚ್ಚಿ ಎಂದು ಎಡ್ವರ್ಡ್ ಕೆನಡಿ ಬಣ ನ್ಯೂಯಾರ್ಕ್ ಸಮಾವೇಶದಲ್ಲಿ ಪಟ್ಟು ಹಿಡಿಯಿತು. ಅಲ್ಲಿ ಮತ ಎಣಿಕೆಯೇ ನಡೆಯಿತು. ಸುಮಾರು 1,936 ಮತಗಳು ಕಟ್ಟಿನ ಪರ, 1,390 ವಿರುದ್ಧ. ಕಾರ್ಟರ್ ಉಳಿದರು.

ಎರಡೂ ಸಲ ದಂಗೆ ಸೋತದ್ದಕ್ಕೆ ಕಾರಣ ಒಂದೇ. ಕಟ್ಟು ಬಿಚ್ಚಲು ಬೇಕಾದ ಬಹುಮತ ಗೆದ್ದ ಅಭ್ಯರ್ಥಿಯ ಹೆಸರಿನಲ್ಲಿ ಬಂದ ಪ್ರತಿನಿಧಿಗಳ ನಡುವೆಯೇ ಇರುತ್ತದೆ. ಅವರ ಹಿಂದೆ ಲಕ್ಷಾಂತರ ಮತದಾರರು ನಿಂತಿರುತ್ತಾರೆ. ಆ ಮತಗಳನ್ನು ಬದಿಗಿಟ್ಟು ಬೇರೊಬ್ಬರನ್ನು ನಿಲ್ಲಿಸಿದರೆ, ಅದೇ ಮತದಾರರು ನವೆಂಬರ್‌ನಲ್ಲಿ ಪಕ್ಷಕ್ಕೆ ಬೆನ್ನು ತೋರಿಸುತ್ತಾರೆಂಬ ಭಯ ಪಕ್ಷದ ನಾಯಕರಿಗೆ ಇದ್ದೇ ಇರುತ್ತದೆ.

ಒಪ್ಪಿ ಹೊರಟಾಗ

ಅಭ್ಯರ್ಥಿಯೇ ಜಾಗ ಬಿಟ್ಟರೆ ಚಿತ್ರ ಬೇರೆ. ಸಮಾವೇಶದ ನಂತರ ಖಾಲಿಯಾದ ಸ್ಥಾನ ತುಂಬುವ ಅಧಿಕಾರ ಎರಡೂ ಪಕ್ಷಗಳ ರಾಷ್ಟ್ರೀಯ ಸಮಿತಿಗಳಿಗಿದೆ. 1972ರ ಜುಲೈನಲ್ಲಿ ಡೆಮಾಕ್ರಟಿಕ್ ಪಕ್ಷ ಉಪಾಧ್ಯಕ್ಷ ಸ್ಥಾನಕ್ಕೆ ಮಿಸೌರಿಯ ಸೆನೆಟರ್ ಥಾಮಸ್ ಈಗಲ್ಟನ್ ಅವರನ್ನು ಹೆಸರಿಸಿತು. ಖಿನ್ನತೆಗಾಗಿ ಅವರು ಆಸ್ಪತ್ರೆ ಸೇರಿ ವಿದ್ಯುತ್ ಆಘಾತ ಚಿಕಿತ್ಸೆ ಪಡೆದಿದ್ದ ಸಂಗತಿ ಕೆಲವೇ ದಿನಗಳಲ್ಲಿ ಬಯಲಾಯಿತು. ಅಧ್ಯಕ್ಷ ಸ್ಥಾನದ ಅಭ್ಯರ್ಥಿ ಮೆಕ್‌ಗವರ್ನ್ ಮೊದಲು ಅವರ ಬೆನ್ನಿಗೆ ಪೂರ್ಣವಾಗಿ ನಿಂತರು, ಆಮೇಲೆ ಕೈಬಿಟ್ಟರು. ಜುಲೈ 31ರಂದು ಈಗಲ್ಟನ್ ಹಿಂದೆ ಸರಿದರು. ಆಗಸ್ಟ್‌ನಲ್ಲಿ ರಾಷ್ಟ್ರೀಯ ಸಮಿತಿ ಸಾರ್ಜೆಂಟ್ ಶ್ರೈವರ್ ಅವರನ್ನು ಆರಿಸಿತು. ಕಾಯಿಲೆಯಿಂದ ಚೇತರಿಸಿಕೊಂಡ ಮನುಷ್ಯನನ್ನು ಆ ಕಾಯಿಲೆಯ ಹೆಸರಿನಲ್ಲೇ ಹೊರಹಾಕಿದ್ದು ಅನ್ಯಾಯವೇ ಸರಿ. ಆದರೆ ಕಾರ್ಯವಿಧಾನಕ್ಕೆ ಎಲ್ಲೂ ತೊಡಕಾಗಲಿಲ್ಲ. ಆ ನವೆಂಬರ್‌ನಲ್ಲಿ ನಿಕ್ಸನ್ 49 ರಾಜ್ಯಗಳನ್ನು ಗೆದ್ದರು.

ಇತ್ತೀಚಿನ ಉದಾಹರಣೆ 2024ರದು. ಅಧ್ಯಕ್ಷ ಜೋ ಬೈಡನ್ ಹೆಚ್ಚುಕಡಿಮೆ ಎಲ್ಲ ಪ್ರತಿನಿಧಿಗಳನ್ನು ಗೆದ್ದು ಸಂಭಾವ್ಯ ಅಭ್ಯರ್ಥಿಯಾಗಿದ್ದರು. ಜೂನ್ 27ರ ಟಿವಿ ಚರ್ಚೆಯಲ್ಲಿ ಅವರು ತಡವರಿಸಿದ್ದನ್ನು ದೇಶವೇ ನೋಡಿತು. ಅವರನ್ನು ಬದಲಿಸಬೇಕೆಂಬ ಮಾತು ಎದ್ದಿತು. ಪ್ರತಿನಿಧಿಗಳು ತಮ್ಮನ್ನು ಗೆಲ್ಲಿಸಿದವರ ಭಾವನೆಯನ್ನು ಆತ್ಮಸಾಕ್ಷಿಯಾಗಿ ಪ್ರತಿಬಿಂಬಿಸಬೇಕು ಎಂದಷ್ಟೇ ಹೇಳುವ ಡೆಮಾಕ್ರಟಿಕ್ ನಿಯಮ ರಿಪಬ್ಲಿಕನ್ನರದಕ್ಕಿಂತ ಸಡಿಲ. ಆದರೂ ಪಕ್ಷದ ಹಿರಿಯರು ಪ್ರತಿನಿಧಿಗಳನ್ನು ಎತ್ತಿಕಟ್ಟಲು ಹೋಗಲಿಲ್ಲ, ಬೈಡನ್ ಅವರ ಮನವೊಲಿಸಲು ಹೋದರು. ಜುಲೈ 21ರಂದು ಅವರು ಸ್ಪರ್ಧೆ ಬಿಟ್ಟು ಕಮಲಾ ಹ್ಯಾರಿಸ್ ಅವರನ್ನು ಬೆಂಬಲಿಸಿದರು. ಆಗಸ್ಟ್ ಮೊದಲ ವಾರದಲ್ಲಿ ಪ್ರತಿನಿಧಿಗಳ ಆನ್‌ಲೈನ್ ಮತದಾನದ ಮೂಲಕ ಹ್ಯಾರಿಸ್ ಅಭ್ಯರ್ಥಿಯಾದರು. ಅಷ್ಟು ದಿನ ಅಸಾಧ್ಯವೆನಿಸಿದ್ದು ಒಬ್ಬರ ಒಪ್ಪಿಗೆಯಿಂದ ಎರಡೇ ವಾರಗಳಲ್ಲಿ ಮುಗಿಯಿತು.

ಕ್ಯಾಲೆಂಡರ್ ಎಂಬ ಗೋಡೆ

ಒಪ್ಪಿಗೆ ಇದ್ದರೂ ಕಾಲ ಮೀರಬಾರದು. ಅಮೆರಿಕದಲ್ಲಿ ಚುನಾವಣೆ ನಡೆಸುವುದು ರಾಜ್ಯಗಳು. ಮತಪತ್ರದಲ್ಲಿ ಹೆಸರು ಸೇರಿಸಲು ಪ್ರತಿ ರಾಜ್ಯಕ್ಕೂ ತನ್ನದೇ ಗಡುವು. ಹೊರದೇಶದಲ್ಲಿರುವ ಸೈನಿಕರು ಮತ್ತು ನಾಗರಿಕರಿಗೆ ಚುನಾವಣೆಗೆ 45 ದಿನ ಮೊದಲೇ ಮತಪತ್ರ ಕಳಿಸಬೇಕೆಂದು 2009ರ ಫೆಡರಲ್ ಕಾನೂನು ಹೇಳುತ್ತದೆ. ಹಾಗಾಗಿ ಸೆಪ್ಟೆಂಬರ್ ಕಳೆದ ಮೇಲೆ ಹೆಸರು ಬದಲಿಸುವುದು ಹೆಚ್ಚುಕಡಿಮೆ ಆಗದ ಮಾತು.

2016ರ ಅಕ್ಟೋಬರ್ 7ರಂದು, ಮಹಿಳೆಯರ ಬಗ್ಗೆ ಟ್ರಂಪ್ ಆಡಿದ್ದ ಕೀಳು ಮಾತುಗಳ ಹಳೆಯ ಧ್ವನಿಮುದ್ರಣ ಹೊರಬಂತು. ಹಲವು ರಿಪಬ್ಲಿಕನ್ ಸೆನೆಟರ್‌ಗಳು, ಗವರ್ನರ್‌ಗಳು ಅವರು ಹಿಂದೆ ಸರಿಯಬೇಕೆಂದು ಬಹಿರಂಗವಾಗಿ ಕೇಳಿದರು. ಆಗ ಎಲ್ಲರೂ ಪಕ್ಷದ 9ನೇ ನಿಯಮವನ್ನು ತೆರೆದು ನೋಡಿದರು. ಸಾವು, ನಿರಾಕರಣೆ ಅಥವಾ ಇತರ ಕಾರಣದಿಂದ ಸ್ಥಾನ ತೆರವಾದರೆ ರಾಷ್ಟ್ರೀಯ ಸಮಿತಿ ಅದನ್ನು ತುಂಬಬಹುದು ಎನ್ನುತ್ತದೆ ಅದು. ಈ ‘ಇತರ ಕಾರಣ’ದಲ್ಲಿ ದಾರಿ ಹುಡುಕಿದವರಿದ್ದರು. ಆದರೆ ನಿಯಮವಿರುವುದು ತೆರವಾದ ಜಾಗ ತುಂಬಲು, ಕುಳಿತವರನ್ನು ಎಬ್ಬಿಸಲು ಅಲ್ಲ. ಹಲವು ರಾಜ್ಯಗಳಲ್ಲಿ ಆಗಲೇ ಮತದಾನ ಶುರುವಾಗಿತ್ತು. ಟ್ರಂಪ್ ಕದಲಲಿಲ್ಲ, ನವೆಂಬರ್‌ನಲ್ಲಿ ಗೆದ್ದರು.

ಕೊನೆಗಳಿಗೆಯಲ್ಲಿ ಅಭ್ಯರ್ಥಿಯೇ ತೀರಿಕೊಂಡರೆ? 1912ರಲ್ಲಿ ಉಪಾಧ್ಯಕ್ಷ ಜೇಮ್ಸ್ ಶೆರ್ಮನ್ ಮತದಾನಕ್ಕೆ ಕೆಲವೇ ದಿನಗಳಿದ್ದಾಗ ನಿಧನರಾದರು. ಅವರಿಗೆ ಬರಬೇಕಿದ್ದ ಎಂಟು ಎಲೆಕ್ಟೋರಲ್ ಮತಗಳು, ಅಂದರೆ ಅಧ್ಯಕ್ಷ, ಉಪಾಧ್ಯಕ್ಷರನ್ನು ಅಂತಿಮವಾಗಿ ಆರಿಸುವ ಎಲೆಕ್ಟರ್‌ಗಳ ಮತಗಳು, ನಿಕೋಲಸ್ ಮರ್ರೆ ಬಟ್ಲರ್ ಅವರಿಗೆ ಹೋದವು. 1872ರಲ್ಲಿ ಚುನಾವಣೆಯಲ್ಲಿ ಸೋತಿದ್ದ ಹೊರೇಸ್ ಗ್ರೀಲಿ ಎಲೆಕ್ಟರ್‌ಗಳು ಮತ ಹಾಕುವ ಮೊದಲೇ ತೀರಿಕೊಂಡಾಗ ಅವರ ಮತಗಳು ಹಲವರ ನಡುವೆ ಚದುರಿದವು.

ತೀರ್ಪು

ನಿಯಮದ ಪ್ರಕಾರ ಪಕ್ಷ ತನ್ನ ಅಭ್ಯರ್ಥಿಯನ್ನು ಬದಲಿಸಬಲ್ಲದು. 1972ರ ನಂತರದ ಅನುಭವದಲ್ಲಿ, ಪ್ರೈಮರಿಗಳಲ್ಲಿ ಗೆದ್ದವರನ್ನು ಅವರ ಇಚ್ಛೆಗೆ ವಿರುದ್ಧವಾಗಿ ಸಮಾವೇಶ ಒಮ್ಮೆಯೂ ಬದಲಿಸಿಲ್ಲ. ಇದು ಒಳ್ಳೆಯದೇ. ಜನರ ಮತವನ್ನು ಕೆಲವರು ಕೋಣೆಯಲ್ಲಿ ಕುಳಿತು ಅಳಿಸುವಂತಾದರೆ ಮತಕ್ಕೆ ಬೆಲೆ ಉಳಿಯದು. ಆದರೆ ಇದಕ್ಕೆ ತೆರಬೇಕಾದ ಬೆಲೆಯೂ ಇದೆ. 2016ರ ಫೆಬ್ರುವರಿಯಲ್ಲಿ ದಕ್ಷಿಣ ಕ್ಯಾರೊಲಿನಾದ ಪ್ರೈಮರಿಯಲ್ಲಿ ಟ್ರಂಪ್‌ಗೆ ಬಿದ್ದದ್ದು ಮೂರನೇ ಒಂದರಷ್ಟು ಮತ, ಸಿಕ್ಕಿದ್ದು ಅಲ್ಲಿನ ಎಲ್ಲ 50 ಪ್ರತಿನಿಧಿಗಳು. ಎದುರಾಳಿಗಳು ಮತ ಹಂಚಿಕೊಂಡು ಕುಳಿತಿದ್ದರು. ಜುಲೈನ ಸಮಾವೇಶದಲ್ಲಿ ಎದ್ದ ಆಕ್ಷೇಪ ಆ ಫೆಬ್ರುವರಿಯಲ್ಲೇ ಎದ್ದಿದ್ದರೆ ಅದಕ್ಕೆ ಬೆಲೆ ಇರುತ್ತಿತ್ತು.

ಆದ್ದರಿಂದ ಅಮೆರಿಕದ ಪಕ್ಷವೊಂದು ಅಭ್ಯರ್ಥಿಯನ್ನು ಬದಲಿಸಲಿದೆ ಎಂಬ ಸುದ್ದಿ ಓದಿದಾಗ ಮೂರು ಪ್ರಶ್ನೆ ಕೇಳಿಕೊಳ್ಳಿ. ಅಭ್ಯರ್ಥಿ ಒಪ್ಪಿದ್ದಾರೆಯೇ? ಸಮಾವೇಶ ಮುಗಿದಿದೆಯೇ? ಮತಪತ್ರ ಅಚ್ಚಾಗಿದೆಯೇ? ಮೊದಲನೆಯದಕ್ಕೆ ಉತ್ತರ ‘ಇಲ್ಲ’ ಎಂದಾದರೆ, ಉಳಿದೆರಡನ್ನು ಕೇಳುವ ಅಗತ್ಯ ಬಹುಮಟ್ಟಿಗೆ ಬೀಳುವುದಿಲ್ಲ.