ಓದು, ಸೈಕಲ್ಲು ಮತ್ತು ಸೂಜಿ

ಸಕ್ಕರೆ ಕಾಯಿಲೆ ಎಂದೊಡನೆ ನಮ್ಮ ಕಣ್ಮುಂದೆ ನಿಲ್ಲುವುದು ಐವತ್ತು ದಾಟಿದ ಹಿರಿಯರ ಚಿತ್ರ. ತೊಟ್ಟಿಲ ಕೂಸಿಗೂ ಅದು ಬರಬಹುದೆಂದರೆ ನಂಬದ ಮನೆಗಳು ನಮ್ಮಲ್ಲಿ ಇಂದಿಗೂ ಇವೆ. ಅಮೆರಿಕದ ಫಿಲ್ ಸದರ್‌ಲ್ಯಾಂಡ್ ಅವರಿಗೆ 1982ರಲ್ಲಿ ಈ ರೋಗವಿರುವುದು ಗೊತ್ತಾದಾಗ ಅವರು ಏಳು ತಿಂಗಳ ಶಿಶು. ಮಗು ಇಪ್ಪತ್ತೈದರ ಆಚೆಗೆ ಬದುಕುವುದು ಕಷ್ಟವೆಂಬ ಮಾತನ್ನು ತಾಯಿ ಕೇಳಬೇಕಾಯಿತು. ಆ ಶಿಶುವೇ ಮುಂದೆ ಜಾರ್ಜಿಯಾ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿ, ಪಂದ್ಯದಿಂದ ಪಂದ್ಯಕ್ಕೆ ಸೈಕಲ್ ಹೊತ್ತು ಊರೂರು ಸುತ್ತಿದ ವೃತ್ತಾಂತವನ್ನು ವಾಚಕರ ಮುಂದಿಡಲು ಬಯಸುತ್ತೇವೆ.

ಈ ಬಗೆಯ ಮಧುಮೇಹವನ್ನು ವೈದ್ಯರು 'ಟೈಪ್ 1' ಎನ್ನುತ್ತಾರೆ. ದೇಹದ ರಕ್ಷಣಾ ವ್ಯವಸ್ಥೆಯೇ ದಾರಿ ತಪ್ಪಿ, ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಕಣಗಳನ್ನು ನಾಶಪಡಿಸುತ್ತದೆ. ಮಗು ಸಿಹಿ ತಿಂದದ್ದಾಗಲಿ, ತಾಯಿಯ ಅಜಾಗ್ರತೆಯಾಗಲಿ ಇದಕ್ಕೆ ಕಾರಣವಲ್ಲ. ಟೊರಾಂಟೊದಲ್ಲಿ 1921ರಲ್ಲಿ ಇನ್ಸುಲಿನ್ ಶೋಧವಾಗಿ, 1922ರ ಜನವರಿಯಲ್ಲಿ ಹದಿನಾಲ್ಕರ ಬಾಲಕನೊಬ್ಬನಿಗೆ ಅದನ್ನು ಚುಚ್ಚುವವರೆಗೆ ಇಂಥ ಮಕ್ಕಳಿಗೆ ಉಳಿಗಾಲವೇ ಇರಲಿಲ್ಲ.

ಇನ್ಸುಲಿನ್ ಜೀವ ಉಳಿಸುತ್ತದೆ, ನಿಜ. ಆದರೆ ಎಷ್ಟು ಬೇಕೆಂಬ ಲೆಕ್ಕವನ್ನು ರೋಗಿಯೇ ದಿನವೂ ಹಾಕಬೇಕು. ಸೈಕಲ್ ತುಳಿಯುವವನಿಗೆ ಈ ಲೆಕ್ಕ ಇನ್ನೂ ಬಿಗಿ. ದೀರ್ಘಕಾಲ ತುಳಿದಾಗ ಸ್ನಾಯುಗಳು ರಕ್ತದ ಸಕ್ಕರೆಯನ್ನು ಹೀರಿಕೊಳ್ಳುತ್ತವೆ. ಕೊನೆಯ ಭರದ ಓಟದಲ್ಲಿ ಅದೇ ಸಕ್ಕರೆ ಏರಲೂಬಹುದು. ಹಗಲು ಪಂದ್ಯ ಮುಗಿದರೂ ಲೆಕ್ಕ ಮುಗಿಯದು, ರಾತ್ರಿ ನಿದ್ರೆಯಲ್ಲಿ ಸಕ್ಕರೆ ಕುಸಿಯುವ ಭಯವಿದೆ. ಪ್ರಯಾಣದಲ್ಲಿ ಊಟದ ಹೊತ್ತು ತಪ್ಪುತ್ತದೆ. ವಿಮಾನವೇರಿ ದೂರದೇಶಕ್ಕೆ ಹೊರಟರೆ ಗಡಿಯಾರವೇ ಬದಲಾಗಿ ಸೂಜಿಯ ವೇಳೆ ಗೊಂದಲಕ್ಕೆ ಬೀಳುತ್ತದೆ. ಔಷಧವನ್ನು ಬಿಸಿಲಿಗೆ ಇಡುವಂತಿಲ್ಲ, ಹೆಪ್ಪುಗಟ್ಟಿದರೂ ಅದು ಕೆಟ್ಟಂತೆಯೇ. ಆದ್ದರಿಂದ ಕೈಚೀಲದಲ್ಲೇ ಇರಬೇಕು. ಪರೀಕ್ಷಾ ಕೊಠಡಿಯಲ್ಲಿ ಸಕ್ಕರೆ ಇಳಿದರೆ ಓದಿದ್ದೂ ನೆನಪಿಗೆ ಬಾರದು. ಬೇರೆ ವಿದ್ಯಾರ್ಥಿಗಳಿಗೆ ರಜೆಯೆಂಬುದುಂಟು, ಈ ಪಾಠಕ್ಕೆ ರಜೆಯಿಲ್ಲ.

ಕಾಲೇಜು ಪಂದ್ಯಗಳಲ್ಲಿ ಫಿಲ್‌ಗೆ ಜೋ ಎಲ್ಡ್ರಿಜ್ ಎಂಬ ಗೆಳೆಯ ಸಿಕ್ಕ. ಅವನಿಗೂ ಇದೇ ರೋಗ, ಆದರೆ ಪರೀಕ್ಷೆಯ ವಿಷಯದಲ್ಲಿ ಉದಾಸೀನ. ಫಿಲ್ ಉಪದೇಶ ಮಾಡಲಿಲ್ಲ, ಪಂಥ ಕಟ್ಟಿದರು: ಯಾರ ರಕ್ತದಲ್ಲಿ ಸಕ್ಕರೆ ಹೆಚ್ಚೋ ಅವನು ಊಟದ ಹಣ ತೆರಬೇಕು! ಸೋತು ಸೋತು ಜೇಬು ಬರಿದಾದ ಗೆಳೆಯ ದಾರಿಗೆ ಬಂದ. (ಸಕ್ಕರೆ ತೀರ ಇಳಿಯುವುದೂ ಅಪಾಯವಾದುದರಿಂದ ಈ ಪಂಥವನ್ನು ನಮ್ಮ ಹುಡುಗರು ಹಾಗೆಯೇ ಅನುಸರಿಸುವುದು ಬೇಡ.) ಆ ಸ್ನೇಹದಿಂದಲೇ 'ಟೀಮ್ ಟೈಪ್ 1' ತಂಡ ಹುಟ್ಟಿತು. ಅಮೆರಿಕವನ್ನು ಪಶ್ಚಿಮ ತೀರದಿಂದ ಪೂರ್ವ ತೀರದವರೆಗೆ, ಸುಮಾರು 4,800 ಕಿಲೋಮೀಟರ್, ದಾಟುವ ಸ್ಪರ್ಧೆಯಲ್ಲಿ ಎಂಟು ಮಂದಿಯ ಈ ತಂಡ 2006ರಲ್ಲಿ ಎರಡನೆಯದಾಗಿ, 2007ರಲ್ಲಿ ಮೊದಲನೆಯದಾಯಿತು. ಮುಂದೆ 2013ರಿಂದ ಹೊಸ ಹೆಸರಿನಲ್ಲಿ, ಸವಾರರೆಲ್ಲರೂ ಇದೇ ರೋಗವುಳ್ಳವರಾದ ವೃತ್ತಿಪರ ತಂಡವಾಗಿ ಅದು ಬೆಳೆಯಿತು.

ಗೆಲುವಿಗಿಂತ ನಮ್ಮನ್ನು ಹೆಚ್ಚು ಸೆಳೆದದ್ದು ಆ ಗೆಳೆತನ. ವಿಜಯಪುರ, ಬಾಗಲಕೋಟೆಗಳ ಕಡೆಯಿಂದ ರಾಷ್ಟ್ರಮಟ್ಟದ ಸೈಕಲ್ ಪಟುಗಳು ಬಂದಿರುವುದನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಆದರೆ ಸೂಜಿ ಚುಚ್ಚಿಕೊಳ್ಳುವ ಮಗುವನ್ನು ಆಟದ ಬಯಲಿಗೆ ಕಳಿಸಲು ಹಿಂಜರಿಯುತ್ತೇವೆ. ಹೆಣ್ಣುಮಗುವಾದರೆ, ನಾಳೆ ಸಂಬಂಧ ಕೂಡಿ ಬರುವುದೆಂತು ಎಂದು ರೋಗವನ್ನೇ ಮುಚ್ಚಿಡುತ್ತೇವೆ. ಮುಚ್ಚಿಟ್ಟ ರೋಗ ವಸತಿಗೃಹದ ಕೋಣೆಯಲ್ಲಿ ನಡುರಾತ್ರಿ ಹೊರಬಿದ್ದಾಗ ಪಕ್ಕದ ಹಾಸಿಗೆಯವರಿಗೆ ಏನು ಮಾಡಬೇಕೆಂದೇ ತಿಳಿಯದು.

ಆದುದರಿಂದ ಮಗುವನ್ನು ಓದಿಗೆ ಹೊರಗೆ ಕಳಿಸುವ ತಾಯ್ತಂದೆಗಳು ವಾರ್ಡನ್ನರಿಗೂ ಒಬ್ಬಿಬ್ಬರು ಸಹಪಾಠಿಗಳಿಗೂ ವಿಷಯ ತಿಳಿಸಬೇಕು. ಬೆವರು, ನಡುಕ, ತಡಬಡಿಸುವ ಮಾತು ಕಂಡರೆ ಪರೀಕ್ಷಿಸಬೇಕು. ಸಕ್ಕರೆ 70ಕ್ಕಿಂತ ಕಡಿಮೆಯಿದ್ದರೆ, ಅಥವಾ ಪರೀಕ್ಷಿಸಲು ಅನುಕೂಲವಿಲ್ಲದಿದ್ದರೆ, 15 ಗ್ರಾಂನಷ್ಟು ಗ್ಲೂಕೋಸನ್ನೋ ಮೂರು ಚಮಚ ಸಕ್ಕರೆಯನ್ನೋ ನೀರಲ್ಲಿ ಕದಡಿ ಕುಡಿಸಬೇಕು. 15 ನಿಮಿಷ ಬಿಟ್ಟು ಮತ್ತೆ ನೋಡಬೇಕು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು.