ಒಲ್ಲೆನೆಂದ ಯೋಧನ ಚಿತ್ರ

ಶ್ರೀರಂಗಪಟ್ಟಣದ ದರಿಯಾ ದೌಲತ್ತಿಗೆ ಹೋದವರಾರೂ ಅದರ ಪಡುವಣ ಗೋಡೆಯ ಮುಂದೆ ಅರೆಗಳಿಗೆ ನಿಲ್ಲದೆ ಬರಲಾರರು. 1780ರ ಸೆಪ್ಟೆಂಬರ್ 10ರಂದು ಕಂಚಿಯ ಬಳಿಯ ಪೊಳ್ಳಿಲೂರಿನಲ್ಲಿ ಹೈದರಾಲಿ ಟಿಪ್ಪುಗಳು ಕರ್ನಲ್ ಬೇಯ್ಲಿಯ ದಂಡನ್ನು ಮುರಿದ ಸಂಗತಿ ಅಲ್ಲಿ ಬಣ್ಣದಲ್ಲಿ ಮೂಡಿದೆ. ಮದ್ದಿನ ಬಂಡಿ ಸಿಡಿಯುತ್ತಿದೆ. ಫ್ರೆಂಚರ ಲಾಲಿ ದುರ್ಬೀನು ಹಿಡಿದು ನೋಡುತ್ತಿದ್ದಾನೆ. ಬೇಯ್ಲಿ ಪಲ್ಲಕ್ಕಿಯೊಳಗೆ ಬೆರಳು ಕಚ್ಚಿ ಕುಳಿತಿದ್ದಾನೆ. ಇಡೀ ಗೋಡೆಯಲ್ಲಿ ಮನುಷ್ಯನ ಅಂತರಂಗ ಇಣುಕುವುದು ಆ ಒಂದು ಬೆರಳಿನಲ್ಲಿಯೇ ಎಂದು ನನಗೆ ತೋರುತ್ತದೆ. ಮಿಕ್ಕವರು ಕೊಲ್ಲುವವರು, ಇಲ್ಲವೆ ಸಾಯುವವರು. ‘ಈ ಕೆಲಸ ನನಗೆ ಬೇಡ’ ಎನ್ನುವ ಸಿಪಾಯಿಗೆ ಅಲ್ಲಿ ಜಾಗವಿಲ್ಲ. ಸೋಜಿಗವೆಂದರೆ, ಈ ಚಿತ್ರವನ್ನು ಉಳಿಸಿದವರು ಅಂದು ಸೋತ ಪಕ್ಷದವರೇ. 1799ರ ತರುವಾಯ ಅಲ್ಲಿ ವಾಸವಾಗಿದ್ದ ಆರ್ಥರ್ ವೆಲ್ಲೆಸ್ಲಿಯೂ, ಮುಂದೆ ಗವರ್ನರ್ ಜನರಲ್ ಡಾಲ್‌ಹೌಸಿಯೂ ಅದಕ್ಕೆ ಮತ್ತೆ ಬಣ್ಣ ಕೊಡಿಸಿದರು.

ಸುತ್ತಣ ಸೀಮೆಯೂ ದಂಡು ತುಳಿದ ನೆಲವೇ. ಮೈಸೂರಿನ ಸೇವೆಯಲ್ಲಿದ್ದ ಫ್ರೆಂಚ್ ಸೈನಿಕರ ಪಾಳೆಯದಿಂದಾಗಿ ಪಾಂಡವಪುರಕ್ಕೆ ಫ್ರೆಂಚ್ ರಾಕ್ಸ್ ಎಂಬ ಹೆಸರಿದ್ದಿತು; ಆ ತಾಲ್ಲೂಕಿನ ಚಿನಕುರಳಿಯಲ್ಲಿ 1771ರಲ್ಲಿ ಮರಾಠರು ಹೈದರನನ್ನು ಸೋಲಿಸಿದರು. ಕೃಷ್ಣರಾಜಪೇಟೆ, ನಾಗಮಂಗಲಗಳ ಹಳ್ಳಿಗಳಲ್ಲಿ ವೀರಗಲ್ಲುಗಳನ್ನು ಕಂಡವರಿಗೆ ಅವುಗಳ ಕ್ರಮ ಗೊತ್ತು: ಕೆಳಗೆ ಕಾದಾಟ, ನಡುವೆ ಅಪ್ಸರೆಯರು, ಮೇಲೆ ಕೈಲಾಸ. ಸತ್ತವನ ಭಯವನ್ನು ಕೆತ್ತುವುದು ಕಲ್ಲುಕುಟಿಗನ ಕೆಲಸವಾಗಿರಲಿಲ್ಲ. ಊರಿಗೂ ಅದು ಬೇಕಿರಲಿಲ್ಲ. ನೆರೆಯ ಶ್ರವಣಬೆಳಗೊಳದಲ್ಲಿ ಮಾತ್ರ ಒಂದು ಅಪವಾದವುಂಟು. ಗೆದ್ದ ಗಳಿಗೆಯಲ್ಲೇ ಅಣ್ಣನನ್ನು ಕೆಳಗಿಳಿಸಿ ರಾಜ್ಯವನ್ನು ಒಲ್ಲೆನೆಂದ ಬಾಹುಬಲಿಯನ್ನು ಅಲ್ಲಿ ನಿಲ್ಲಿಸಿದವನು ಸನ್ಯಾಸಿಯಲ್ಲ, ಗಂಗರ ದಂಡನಾಯಕ ಚಾವುಂಡರಾಯ.

ಕ್ಯಾಮರಾ ಬಂದೊಡನೆ ಯುದ್ಧದ ನಿಜ ಹೊರಬಿದ್ದಿತೆಂದು ತಿಳಿಯಬಾರದು. 1855ರಲ್ಲಿ ಕ್ರಿಮಿಯಾಕ್ಕೆ ಹೋದ ರೋಜರ್ ಫೆಂಟನ್ನನ ಹೆಸರಾಂತ ಚಿತ್ರದಲ್ಲಿ ಫಿರಂಗಿ ಗುಂಡುಗಳು ಚೆಲ್ಲಿದ ಬರಿಯ ಕಣಿವೆಯಿದೆ, ಹೆಣವಿಲ್ಲ. ಮೊದಲ ಮಹಾಯುದ್ಧದಲ್ಲಿ ಸೈನ್ಯಸೇವೆಯನ್ನು ನಿರಾಕರಿಸಿದ ಜರ್ಮನಿಯ ಅರ್ನ್‌ಸ್ಟ್ ಫ್ರೀಡ್ರಿಕ್, ಮುಖ ಹರಿದುಹೋದ ಸೈನಿಕರ ಛಾಯಾಚಿತ್ರಗಳನ್ನು 1924ರಲ್ಲಿ ಪುಸ್ತಕವಾಗಿ ಪ್ರಕಟಿಸಿದನು. ಅವನು ಬರ್ಲಿನ್ನಿನಲ್ಲಿ ತೆರೆದ ಯುದ್ಧವಿರೋಧಿ ಸಂಗ್ರಹಾಲಯವನ್ನು 1933ರಲ್ಲಿ ನಾಜಿಗಳು ಹಾಳುಗೆಡವಿದರು.

ಆದರೆ ಸೈನಿಕನೇ ಛಾಯಾಗ್ರಾಹಕನಾದಾಗ ಏನಾಗುತ್ತದೆ? 1968ರ ಮಾರ್ಚ್ 16ರಂದು ವಿಯೆಟ್ನಾಮಿನ ಮೈ ಲಾಯ್ ಗ್ರಾಮಕ್ಕೆ ಅಮೆರಿಕದ ಪಡೆಯೊಡನೆ ಹೋದ ರೊನಾಲ್ಡ್ ಹೆಬರ್ಲಿಯ ಬಳಿ ಸೈನ್ಯದ ಕಪ್ಪು-ಬಿಳುಪಿನ ಕ್ಯಾಮರಾ ಒಂದು, ಬಣ್ಣದ ಸ್ವಂತ ಕ್ಯಾಮರಾ ಒಂದು ಇದ್ದವು. ಅಂದು ಸತ್ತವರು ಅಮೆರಿಕದ ಲೆಕ್ಕದಲ್ಲಿ 347, ವಿಯೆಟ್ನಾಮಿನ ಲೆಕ್ಕದಲ್ಲಿ 504. ಸ್ವಂತ ಕ್ಯಾಮರಾದ ಚಿತ್ರಗಳು 1969ರ ನವೆಂಬರ್ 20ರಂದು ಕ್ಲೀವ್‌ಲೆಂಡಿನ ಪತ್ರಿಕೆಯೊಂದರಲ್ಲಿ ಅಚ್ಚಾದಾಗ ಲೋಕ ಬೆಚ್ಚಿತು. ಕೊಲ್ಲುತ್ತಿದ್ದ ಸೈನಿಕರೇ ಕಾಣುವ ಕೆಲವು ಚಿತ್ರಗಳನ್ನು ತಾನು ನಾಶಮಾಡಿದೆನೆಂದು ಅವನು ಒಪ್ಪಿಕೊಂಡದ್ದು 2009ರಲ್ಲಿ. ಸತ್ತವರನ್ನು ತೋರಿಸಿದನು, ಜೊತೆಗಾರರನ್ನು ಮರೆಮಾಡಿದನು; ಅವನನ್ನು ಹಳಿಯುವುದು ಸುಲಭ, ಅವನ ಜಾಗದಲ್ಲಿ ನಿಲ್ಲುವುದು ಸುಲಭವಲ್ಲ. ಅದೇ ದಿನ ಹ್ಯೂ ಥಾಂಪ್ಸನ್ ಎಂಬ ಹೆಲಿಕಾಪ್ಟರ್ ಚಾಲಕನು ಹಳ್ಳಿಗರಿಗೂ ತನ್ನವರೇ ಆದ ಸೈನಿಕರಿಗೂ ನಡುವೆ ಇಳಿದು ಕೆಲವರ ಪ್ರಾಣ ಉಳಿಸಿದನು. ಹೆಬರ್ಲಿಯ ಪ್ರಸಿದ್ಧ ಚಿತ್ರಗಳಲ್ಲಿ ನಾವು ನೋಡುವುದು ಸತ್ತವರನ್ನು, ಸಾಯಲಿರುವವರನ್ನು. ಅಡ್ಡ ನಿಂತವನ ಮುಖವನ್ನಲ್ಲ. ಸರ್ಕಾರವು ಅವನಿಗೆ ಪದಕ ಕೊಟ್ಟದ್ದು 1998ರಲ್ಲಿ, ಮೂವತ್ತು ವರ್ಷಗಳ ಮೇಲೆ.

ಆ ಮುಖ ಕೊನೆಗೆ ಕಂಡದ್ದು ಚಲನಚಿತ್ರದಲ್ಲಿ. 1971ರಲ್ಲಿ ಡೆಟ್ರಾಯಿಟಿನಲ್ಲಿ ನೂರಕ್ಕೂ ಮಿಕ್ಕ ಮಾಜಿ ಸೈನಿಕರು ತಾವು ಕಂಡದ್ದನ್ನೂ ಮಾಡಿದ್ದನ್ನೂ ಮೂರು ದಿನ ಬಹಿರಂಗವಾಗಿ ಹೇಳಿದರು. ಅದನ್ನು ಚಿತ್ರಿಸಿದ 1972ರ ‘ವಿಂಟರ್ ಸೋಲ್ಜರ್’ನಲ್ಲಿ ಕ್ಯಾಮರಾ ಹೆಚ್ಚಿನ ಚಮತ್ಕಾರಕ್ಕೆ ಹೋಗುವುದಿಲ್ಲ; ಮಾತನಾಡುವ ಮುಖದೆದುರು ಸುಮ್ಮನೆ ಕೂಡುತ್ತದೆ. ಉದ್ದಗೂದಲಿನ ಹುಡುಗರು, ನಮ್ಮ ಕಾಲೇಜುಗಳ ಹಿಂದಿನ ಸಾಲಿನಲ್ಲಿ ಕೂರುವವರ ವಯಸ್ಸಿಗಿಂತ ಬಹಳ ದೊಡ್ಡವರಲ್ಲ. 1971ರ ಏಪ್ರಿಲ್ 23ರಂದು ವಾಷಿಂಗ್ಟನ್ನಿನ ಶಾಸನಭವನದ ಮುಂದೆ ಬೇಲಿ ಹಾಕಿ ಅಂಥವರನ್ನು ತಡೆದಾಗ, ಅವರು ಒಬ್ಬೊಬ್ಬರಾಗಿ ಮುಂದೆ ಬಂದು ತಮ್ಮ ಪದಕಗಳನ್ನು ಬೇಲಿಯ ಆಚೆಗೆ ಎಸೆದರು.