ಸುಳ್ಯದ ಒತ್ತು ಎಲ್ಲಿ ಹೋಯ್ತು?

ಕಾಲೇಜು ಫೆಸ್ಟ್‌ಗೆ ನಾನೇ ಪೋಸ್ಟರ್ ಮಾಡಿದ್ದೆ. ‘ಪುತ್ತೂರು, ಸುಳ್ಯ, ಕಡಬದ ವಿದ್ಯಾರ್ಥಿಗಳಿಗೆ ಸ್ವಾಗತ’ ಅಂತ ದೊಡ್ಡದಾಗಿ ಬರೆದು, ಗೆಳೆಯನ ಅಣ್ಣನಿಗೆ ಹೆಮ್ಮೆಯಿಂದ ತೋರಿಸಿದೆ. ಅವರು ಬೆಂಗಳೂರಿನ ಕ್ರಿಯೇಟಿವ್ ಏಜೆನ್ಸಿಯೊಂದರಲ್ಲಿ ಡಿಸೈನರ್. ರಜೆಗೆ ಕಡಬಕ್ಕೆ ಬಂದಿದ್ದರು. ಬಣ್ಣ, ಚಿತ್ರ ಯಾವುದನ್ನೂ ಹೊಗಳಲಿಲ್ಲ. ‘ಸುಳ್ಯದ ಒತ್ತು ಎಲ್ಲಿ ಹೋಯ್ತು ಮಾರಾಯ?’ ಅಂದರು.

ನೋಡಿದರೆ ಹೌದು! ಇಂಗ್ಲಿಷ್ ಅಕ್ಷರಕ್ಕೆ ಸಾಲುವಷ್ಟೇ ಜಾಗವನ್ನು ಸಾಲುಗಳ ನಡುವೆ ಬಿಟ್ಟಿದ್ದೆ. ಕನ್ನಡದ ಒತ್ತಕ್ಷರ ಕೆಳಗಿಳಿದು ಮುಂದಿನ ಸಾಲಿನೊಳಗೆ ಹೂತು ಹೋಗಿತ್ತು. ಪುತ್ತೂರಿನದ್ದೂ ಅದೇ ಗತಿ. ‘ಕಡಬಕ್ಕೆ ಒತ್ತಿಲ್ಲ, ಹಾಗಾಗಿ ನಮ್ಮೂರು ಬಚಾವ್’ ಎಂದು ನಕ್ಕರು.

ಡಿಸೈನರ್ ಅಂದರೆ ಉದ್ದ ಕೂದಲು, ದುಬಾರಿ ಲ್ಯಾಪ್‌ಟಾಪ್, ಮೂಡ್ ಬಂದಾಗ ಮಾತ್ರ ಕೆಲಸ ಅಂದುಕೊಂಡಿದ್ದೆ. ಇವರು ಬೆಳಗ್ಗೆ ಲುಂಗಿ ಉಟ್ಟು ಅಪ್ಪನ ಜೊತೆ ರಬ್ಬರ್ ಹಾಲು ತರಲು ಹೋಗುತ್ತಾರೆ. ಕೋಣೆಯಲ್ಲಿ ಒಂದು ದಪ್ಪ ಫೈಲ್. ಅದರ ತುಂಬ ಯಕ್ಷಗಾನದ ಹಳೇ ಕರಪತ್ರಗಳು! ಪ್ರಸಂಗದ ಹೆಸರಿಗೆ ಯಾವ ಅಕ್ಷರ, ಮೇಳದ ಹೆಸರಿಗೆ ಯಾವುದು ಅಂತ ಒಂದು ಗಂಟೆ ತೋರಿಸಿದರು. ಸಾಫ್ಟ್‌ವೇರ್ ಹೆಸರು ಒಮ್ಮೆಯೂ ಬರಲಿಲ್ಲ. ಏಜೆನ್ಸಿಯ ಬಗ್ಗೆ ಕೇಳಿದ್ದಕ್ಕೆ, ಒಂದು ಮಸಾಲೆ ಪ್ಯಾಕೆಟನ್ನು 14 ಸಲ ತಿದ್ದಿದ ಕಥೆ ಹೇಳಿದರು. ಕೊನೆಗೆ ಕ್ಲೈಂಟ್ ಒಪ್ಪಿದ್ದು ಎರಡನೆಯದ್ದನ್ನಂತೆ.

ಮರುದಿನ ಪುತ್ತೂರಿಗೆ ಬಂದವರು ‘ಬಾಲವನಕ್ಕೆ ಹೋಗುವ’ ಅಂದರು. ನಾನು ಪುತ್ತೂರಿನವನೇ, ಆದರೂ ಅಲ್ಲಿಗೆ ಹೋಗಿದ್ದು ಪ್ರೈಮರಿಯಲ್ಲಿರುವಾಗ ಒಮ್ಮೆ. ಶಿವರಾಮ ಕಾರಂತರೆಂದರೆ ನನಗೆ 1977ರ ಜ್ಞಾನಪೀಠ, ಅಷ್ಟೇ. ಕಾರಂತರು ಚಿತ್ರ ಬರೆಯುತ್ತಿದ್ದರು, 1930-40ರ ದಶಕಗಳಲ್ಲಿ ಮುದ್ರಣದ ಪ್ರಯೋಗಕ್ಕಿಳಿದು ತಮ್ಮ ಕಾದಂಬರಿಗಳನ್ನು ತಾವೇ ಅಚ್ಚು ಹಾಕಿ ಕೈ ಸುಟ್ಟುಕೊಂಡಿದ್ದರು ಎಂಬುದು ಅಣ್ಣ ಹೇಳಿದ ಮೇಲೆಯೇ ಗೊತ್ತಾಗಿದ್ದು. ಈಗಿನ ಎಚ್‌ಆರ್‌ಗಳು ಅವರನ್ನು ಯಾವ ಡಿಪಾರ್ಟ್‌ಮೆಂಟ್‌ಗೆ ಹಾಕುತ್ತಿದ್ದರೋ!

ಧೈರ್ಯ ಮಾಡಿ, ಗಂಟಲಲ್ಲಿ ಸಿಕ್ಕಿಕೊಂಡಿದ್ದನ್ನು ಅಲ್ಲೇ ಕೇಳಿದೆ. ‘ಅಣ್ಣ, ಬಿಇ ಬಿಟ್ಟು ಡಿಸೈನ್‌ಗೆ ಬರಲಾ?’

ಸ್ವಲ್ಪ ಹೊತ್ತು ಮಾತಿಲ್ಲ. ‘ಮೊದಲ ಎರಡು ವರ್ಷ ಮನೆಗೆ ಒಂದು ರೂಪಾಯಿ ಕಳಿಸ್ಲಿಕ್ಕೆ ಆಗ್ಲಿಲ್ಲ ನನಗೆ. ಬಾಡಿಗೆಯನ್ನೂ ಅಪ್ಪನೇ ಕಟ್ಟಿದ್ದು. ನಿಮ್ಮಲ್ಲಿ ಲೋನ್ ಉಂಟಲ್ಲ?’ ಉಂಟು. ಅಪ್ಪನ ಸಹಿ ಇರುವ ಎಜುಕೇಶನ್ ಲೋನ್. ‘ಹಾಗಾದ್ರೆ ಬಿಡ್ಬೇಡ. ಬಿಇ ಮುಗಿಸಿಯೂ ಎಂ.ಡೆಸ್ ಮಾಡ್ಬಹುದು. ಅದಕ್ಕೆ ಸೀಡ್ ಅಂತ ಪರೀಕ್ಷೆ ಉಂಟು, ಐಐಟಿ ಬಾಂಬೆಯವರು ನಡೆಸ್ತಾರೆ. ಫೈನಲ್ ಇಯರ್‌ನಲ್ಲೇ ಬರಿ. ಅಷ್ಟರವರೆಗೆ ದಿನಾ ಕೈಯಲ್ಲಿ ಚಿತ್ರ ಬಿಡಿಸು.’

ಬೇಜಾರಾಯಿತು, ಸುಳ್ಳು ಹೇಳುವುದಿಲ್ಲ. ‘ಬಾ’ ಅನ್ನುತ್ತಾರೆ ಅಂದುಕೊಂಡೇ ಕೇಳಿದ್ದೆ.

ರಾತ್ರಿ ಕೂತು ಪೋಸ್ಟರ್ ತಿದ್ದಿ ಕಳಿಸಿದೆ. ಉತ್ತರ ಒಂದೇ ಸಾಲು: ‘ಬಸ್ಸಿನಿಂದ ಓದ್ಲಿಕ್ಕೆ ಆಗ್ತದಾ?’

ಮರುದಿನ ಪ್ರಿಂಟ್ ತೆಗೆದು ಪುತ್ತೂರು ಬಸ್‌ಸ್ಟ್ಯಾಂಡಿಗೆ ಹೋದೆ. ಗೆಳೆಯ ಅದನ್ನು ಗೋಡೆಗೆ ಒತ್ತಿ ಹಿಡಿದ. ನಾನು ಸುಳ್ಯದ ಬಸ್ ಹತ್ತಿ ಕಿಟಕಿ ಪಕ್ಕ ಕೂತೆ. ಸುಳ್ಯದ ಒತ್ತು ಚೆನ್ನಾಗಿ ಕಾಣುತ್ತಿತ್ತು. ಫೆಸ್ಟ್‌ನ ದಿನಾಂಕವೇ ಕಾಣಲಿಲ್ಲ.